ಬಲಕ್ಕೆ ತಗ್ಗಿದ ದಾರಿ

ಮೃಗಶಿರಾ ಮಳೆಯ ನಲವತ್ತನೆಯ ದಿನ, ಮರುಮಳೆ ಶಕೆ ಇನ್ನೂರ ಆರು.
ಕೆರೆದಂಡೆ, ಧಾರವಾಡ.

ನನ್ನ ಮುತ್ತಜ್ಜಿಯ ಮುತ್ತಜ್ಜಿ ಶಿವಗಂಗವ್ವನಿಗೆ ನೇಸರವ್ವ ಮಾಡುವ ಶರಣು.

ಇದು ನಿನಗೆ ಮುಂದಿನ ಕಾಲದಿಂದ ಬಂದ ಕಾಗದ; ಈ ತಾರೀಖು ನಿನ್ನ ಪಂಚಾಂಗದಲ್ಲಿ ಸಿಗದು, ಹುಡುಕಬೇಡ. ನಿಮ್ಮ ಕಾಲದಲ್ಲಿ ಎರಡು ವಾರಕ್ಕೆ ಮುಗಿಯುತ್ತಿದ್ದ ಮಳೆ ಈಗ ತನಗೆ ಬೇಕಾದಷ್ಟು ದಿನ ಉಳಿಯುತ್ತದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಊರಿನಲ್ಲಿ ಡಾಂಬರಿಲ್ಲ. ಕಾಲು ತುಳಿದು ಆದದ್ದಷ್ಟೇ ದಾರಿ. ಅದಕ್ಕೆ ಸವೆದಾರಿ ಎನ್ನುತ್ತೇವೆ. ಅರವತ್ತು ತುಂಬಿದ ಪ್ರತಿ ಹೆಂಗಸಿಗೆ ಒಂದು ಸವೆದಾರಿಯನ್ನು ಒಪ್ಪಿಸುತ್ತಾರೆ. ಆ ದಿನ ಅರಿಸಿನ, ಕುಂಕುಮ, ಖಣದ ಜೊತೆಗೆ ಬೂಟುಗಳನ್ನೂ ಮೊರದಲ್ಲಿಟ್ಟು ಕೊಡುತ್ತಾರೆ. ಬೂಟಿನ ಬಾಗಿನವೆಂದು ಅದರ ಹೆಸರು. ಇಳಕಲ್ ಸೀರೆಯ ಕೆಳಗೆ ಬೂಟು ಕಂಡರೆ ಇಲ್ಲಿ ಯಾರೂ ನಗುವುದಿಲ್ಲ, ಸರಿದು ದಾರಿ ಬಿಡುತ್ತಾರೆ. ಬೆಳಗಿನ ಮಂಜಿನಲ್ಲಿ ಅಜ್ಜಿಯರು ತಂತಮ್ಮ ದಾರಿ ಹಿಡಿದು ಕೆರೆಗೆ ಇಳಿಯುವಾಗ ಕಾಲು ಕಾಣುವುದಿಲ್ಲ, ಸೆರಗುಗಳಷ್ಟೇ ತೇಲುತ್ತವೆ. ಕಾಲಿಗೆ ಕಸುವು ಬರಲೆಂದು ಕೆರೆಯ ಮೆಟ್ಟಿಲ ಮೇಲೆ ಒಬ್ಬರ ಭುಜ ಒಬ್ಬರು ಹಿಡಿದು ಒಂಟಿಕಾಲಲ್ಲಿ ನಿಂತರೆ ಕೊಕ್ಕರೆಗಳು ಸರಿದು ಜಾಗ ಕೊಡುತ್ತವೆ. ನಡೆಯುವವಳಿಲ್ಲದ ದಾರಿಯನ್ನು ಹುಲ್ಲು ನುಂಗುತ್ತದೆ. ಹಾಗೆ ಮುಚ್ಚಿಹೋದದ್ದನ್ನು ಮತ್ತೆ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ.

ನನ್ನದು ನಿನ್ನದೇ ದಾರಿ: ಮನೆಯಿಂದ ಬೇವಿನ ಮರ, ಅಲ್ಲಿಂದ ಕೆರೆ. ಹೋದ ಮಳೆಯಲ್ಲಿ ಜಾರಿ ಬಿದ್ದೆ, ಎಡಸೊಂಟಕ್ಕೆ ಪೆಟ್ಟಾಯಿತು. ಇನ್ನು ನಡೆಯಬಹುದೆಂದು ವೈದ್ಯೆ ಯಾವಾಗಲೋ ಹೇಳಿದಳು. ಆದರೆ ಮಗಳು ಇಬ್ಬನಿಗೆ ನನ್ನ ಮೇಲೆ ವಿಪರೀತ ಪ್ರೀತಿ. ನಾನು ಏಳುವ ಮೊದಲೇ “ನೀ ಕುಂದರಬೇ, ನಾ ತರ್ತೀನಿ” ಎಂದು ನೀರು, ಊಟ, ಕನ್ನಡಕ ಎಲ್ಲ ಕೈಗಿಡುತ್ತಾಳೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ. ಕೂತೇ ಇದ್ದರೆ ಮೊಣಕಾಲಿಗೆ ಗಾಣದ ಎಣ್ಣೆಯೂ ಸಾಲದು. ತೊಡೆ ಸೊರಗಿತು, ಎದ್ದರೆ ತಲೆ ತಿರುಗತೊಡಗಿತು. ಮೊನ್ನೆ ಪಕ್ಕದ ದಾರಿಯ ಹಾಲವ್ವ ಕಿಟಕಿಯಲ್ಲಿ ಮುಖವಿಟ್ಟು ಕೂಗಿದಳು: “ಏ ನೇಸರವ್ವಾ, ನಿನ್ನ ದಾರ್ಯಾಗ ಹುಲ್ಲು ಮೊಣಕಾಲಮಟ ಬಂದೈತಿ. ಇನ್ನೂ ಕುಂತೀ ಅಂದ್ರ ಆಕಳಾ ಮೇಯ್ತಾವ ನೋಡು!” ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು.

ಇವತ್ತು ಬೆಳಿಗ್ಗೆ ಬೂಟು ಕಟ್ಟಿದೆ. ಇಬ್ಬನಿ ಅತ್ತಳು, ಆಮೇಲೆ ತಾನೇ ಕೋಲು ತಂದುಕೊಟ್ಟಳು. ಕೋಲಿನಿಂದ ಹುಲ್ಲು ಸರಿಸಿದರೆ ಮಣ್ಣು ಬಲಬದಿಗೆ ತುಸು ತಗ್ಗು. ಎಡಮೊಣಕಾಲು ನೋಯುತ್ತದೆಂದು ಬಲಗಾಲಿಗೇ ಭಾರ ಹಾಕಿ ನಡೆದವಳು ನೀನು; ನಿನ್ನ ನಂತರದವರೆಲ್ಲ ಆ ತಗ್ಗಿನಲ್ಲೇ ಹೆಜ್ಜೆಯಿಟ್ಟರು. ನನ್ನ ಬಲಗಾಲು ಅದರಲ್ಲಿ ಸರಿಯಾಗಿ ಕೂತಿತು. ಸಂತೋಷಕ್ಕೆ ಕಣ್ಣು ತುಂಬಿತು.

ಬೇವಿನ ಮರದವರೆಗೆ ಬಂದು ಸಾಕಾಗಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ಇದು ಮುಟ್ಟುವ ದಿನ ನೀನೂ ಕುರ್ಚಿಯಲ್ಲೇ ಇರುತ್ತೀ. ಸೀರೆಗೆ ಬೂಟು ಹಾಕಿದರೆ ಓಣಿಯವರು ನಗುತ್ತಾರೆಂದು, ನಿನ್ನ ಮೊಮ್ಮಗಳು ತಂದ ಬೂಟನ್ನು ಮಂಚದ ಕೆಳಗೆ ತಳ್ಳಿದ್ದೀಯಂತೆ. ನಮ್ಮ ಮನೆಯಲ್ಲಿ ಇಂದಿಗೂ ಆ ಮಾತು ಹೇಳಿ ನಗುತ್ತೇವೆ. ನೀನು ಎದ್ದು ಆ ಬೂಟು ಹಾಕಿ ನಡೆದದ್ದು ನನಗೆ ಗೊತ್ತು, ನಿನಗಿನ್ನೂ ಗೊತ್ತಿಲ್ಲ. ಇಲ್ಲಿಂದ ಮುಂದೆಯೂ ಹುಲ್ಲಿನ ಕೆಳಗೆ ಮಣ್ಣು ಬಲಕ್ಕೆ ತಗ್ಗಿದೆ, ಕೆರೆಯ ತನಕ.

ಮಂಚದ ಕೆಳಗೆ ಕೈ ಹಾಕವ್ವಾ. ನೀ ಮುಂದ ನಡಿ, ನಾ ಹಿಂದ ಬರ್ತೀನಿ.