ಮೂವತ್ತೆರಡು ಪರ್ಸೆಂಟಿನ ಶಾಣ್ಯಾಕಿ

ವಾಡಿ,
೧೮ ನವೆಂಬರ್ ೨೦೨೪

ಪ್ರೀತಿಯ ಕಾಶಣ್ಣಾ,

ಶರಣು. ಕಣ್ಣಿನ ಆಪರೇಷನ್ ಆದ ಮೇಲೆ ಪೇಪರು ಓದಲು ಬರುತ್ತಿದೆಯೇ? ಬರದಿದ್ದರೆ ಇದನ್ನು ವೈನಿಯ ಕೈಯಿಂದ ಓದಿಸಿಕೋ, ಅವರಿಗೂ ಗೊತ್ತಾಗಲಿ. ಅವರ ಮೊಣಕಾಲು ನೋವು ಈ ಚಳಿಗೆ ಹೆಚ್ಚಾಗಿರಬೇಕು. ಇಲ್ಲಿ ಇವರು ಸಿಮೆಂಟ್ ಲಾರಿ ಮೇಲೆ ಹೋಗಿ ಹತ್ತು ದಿನವಾಯಿತು. ನಾನು, ಮಗಳು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿದ್ದೂ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. "ಆತು ಬಿಡವ್ವ, ನಾ ನೋಡ್ತೀನಿ" ಅಂದು ಇಟ್ಟುಬಿಡುತ್ತೀ.

ನಿನ್ನ ಸೋದರಸೊಸೆ ಪ್ರೀತಿಗೆ ಹದಿನಾಲ್ಕು ತುಂಬಿತು. ಅವಳದು ಆಟಿಸಂ ಎಂದು ಡಾಕ್ಟರು ಹೆಸರು ಕೊಟ್ಟು ಹತ್ತು ವರ್ಷವಾಯಿತು. ಹೆಸರು ಬಿಟ್ಟು ಬೇರೇನನ್ನೂ ಯಾರೂ ಕೊಡಲಿಲ್ಲ. ಕೊಟ್ಟವರು ಶಹಾಬಾದದ ಅಖ್ತರ ಬೇಗಂ ಒಬ್ಬರೇ. ಅವರ ಮಗ ಖಾಜಾಗೆ ಇಪ್ಪತ್ತಾರು, ಅವನೂ ಇವಳ ಹಾಗೆಯೇ. ತಮ್ಮನ್ನೂ ಸೇರಿಸಿ ಇಂಥ ಮಕ್ಕಳ ಒಂಬತ್ತು ತಾಯಂದಿರನ್ನು ಹುಡುಕಿ ಕೂಡಿಸಿದವರು ಅವರು. ಸೇಡಂ, ಚಿತ್ತಾಪುರ, ನಾಲವಾರದವರು ರೈಲಿಗೆ, ಚಿಂಚೋಳಿಯವಳು ಎರಡು ಬಸ್ಸು ಬದಲಿಸಿ, ಪ್ರತಿ ಭಾನುವಾರ ಶಹಾಬಾದಕ್ಕೆ ಬರುತ್ತೇವೆ. ಮೊದಲು ಸಮುದಾಯ ಭವನ ಕೇಳಿದೆವು. "ಒದರ್ತಾವ್ರಿ, ಮದುವಿ ಬುಕಿಂಗ ಕೆಡ್ತಾವ" ಅಂದರು. ಮದುವೆಯಾಗುವವರು ಮಾತ್ರ ಸಮುದಾಯ ಎಂದು ಅವತ್ತು ತಿಳಿಯಿತು. ಕೊನೆಗೆ ಫರಸಿ ಕಲ್ಲು ಪಾಲಿಶ್ ಮಾಡಿಸುವ ಮಜೀದಸಾಬರು ತಮ್ಮ ಶೆಡ್ಡಿನ ಕೀಲಿ ಕೊಟ್ಟರು. "ಐತಾರ ಮಷೀನ ಬಂದ್ ಇರ್ತಾವ, ಒಳಗ ಕುಂದ್ರಿ. ನನ್ನ ಮಷೀನಿಗಿಂತ ಜೋರ ಒದರ್ತಾವೇನು ಅವು?" ಅಂದರು.

ಅಂಗವಿಕಲರ ಪ್ರಮಾಣಪತ್ರದ ಕ್ಯಾಂಪು ಬರುತ್ತದೆಂದಾಗ ನನಗಿದ್ದದ್ದು ಒಂದೇ ಭಯ: ಸಾಲಿನಲ್ಲಿ ಪ್ರೀತಿ ಒದರಿ ಓಡಿಹೋದರೆ? ಆ ಪತ್ರವಿಲ್ಲದೆ ಅವಳಿಗೆ ಮಾಸಾಶನವಿಲ್ಲ, ಬಸ್ ಪಾಸಿಲ್ಲ, ವಿಶೇಷ ಶಾಲೆಯ ಸೀಟಿಲ್ಲ. ಅದಕ್ಕೆ ಆರು ಭಾನುವಾರ ಶೆಡ್ಡಿನಲ್ಲಿ ನಾವೇ ಕ್ಯಾಂಪು ನಡೆಸಿದೆವು. ಅಖ್ತರ ಬೇಗಂ ಗಂಡನ ಬಿಳಿ ಅಂಗಿ ತೊಟ್ಟು ಡಾಕ್ಟರಾದರು. ಚಿಂಚೋಳಿಯವಳು ಜವಾನನಾಗಿ "ಏ, ಲೈನಿನ್ಯಾಗ ನಿಂದರ್ರಿ, ನಿಮ್ಮಪ್ಪನ ಮನಿ ಅಂದ್ಕೊಂಡೀರೇನು?" ಎಂದು ಗದರಿಸಿದಳು. ಉಳಿದವರು ಸಾಲಿನಲ್ಲಿ ನೂಕಾಡಿದೆವು. ಪ್ರೀತಿ ನಿಲ್ಲುವುದನ್ನು ಕಲಿತಳು, ಕುರ್ಚಿಯ ಮೇಲೆ ಕೂರುವುದನ್ನು ಕಲಿತಳು, ಹೆಸರು ಕೇಳಿದರೆ ಕೈಮುಗಿದು "ಪ್ರೀತಿ" ಅನ್ನುವುದನ್ನು ಕಲಿತಳು. ಆ ಒಂದು ಮಾತಿಗೆ ಆರು ವಾರ, ಒಂಬತ್ತು ತಾಯಂದಿರು.

ಕ್ಯಾಂಪಿನ ದಿನ ಅವಳು ಒಂದರಲ್ಲೂ ತಪ್ಪಲಿಲ್ಲ. ಡಾಕ್ಟರು ತಲೆ ಎತ್ತಿ "ಭಾಳ ಶಾಣ್ಯಾಕಿ ಅದಾಳಲ್ಲವ್ವ ನಿನ್ನ ಮಗಳು" ಅಂದರು. ಜಾಣೆ ಅನ್ನಿಸಿಕೊಂಡಳಲ್ಲ ಎಂದು ಹೊರಗೆ ಬಂದು ಒಬ್ಬರನ್ನೊಬ್ಬರು ತಬ್ಬಿ ಅತ್ತೆವು, ಪೇಡೆ ಹಂಚಿದೆವು, ಬಾಗಿಲಲ್ಲಿದ್ದ ಜವಾನನಿಗೂ ಕೊಟ್ಟೆವು. ಪತ್ರ ಬಿಡಿಸಿ ನೋಡುವ ವ್ಯವಧಾನ ನಮಗೆಲ್ಲಿ? ಪೇಡೆ ಜಗಿಯುತ್ತಾ ಅವನೇ ಓದಿ ಹೇಳಿದ: "ಮೂವತ್ತೆರಡು ಪರ್ಸೆಂಟ್ ಬರದಾರ್ರೀ. ನಲವತ್ತರ ಕೆಳಗ ಏನೂ ಸಿಗೂದಿಲ್ಲ." ಐದು ನಿಮಿಷ ಸುಮ್ಮನೆ ಕೂತದ್ದಕ್ಕೆ ಈ ವ್ಯವಸ್ಥೆ ಅವಳಿಗೆ ಹಾಕಿದ ದಂಡ ಅದು.

ಅವತ್ತೇ ನಿನಗೆ ಫೋನು ಮಾಡಿದೆ. ಈ ಪತ್ರಗಳ ಇಲಾಖೆಯಲ್ಲೇ ಇಪ್ಪತ್ತೆರಡು ವರ್ಷದಿಂದ ಕಡತ ತಿರುವುತ್ತಿರುವವನು ನೀನು. ನಕ್ಕುಬಿಟ್ಟೆ. "ಹುಚ್ಚಿ ಅದೀ ನೀ. ಇಂಥದಕ್ಕ ಯಾರರೆ ಕಲಿಸಿ ಕರಕೊಂಡು ಹೋಗ್ತಾರೇನು? ಮುಂದಿನ ಸಲ ನಿದ್ದಿ ಕೆಡಸು, ಹಸದಿರ್ಲಿ, ಕಿವಿಗಿ ಕಟ್ಟೂ ಮಫ್ಲರ್ ಕಸಕೋ. ತಾವ ಬರೀತಾರ." ನಾನು ಹಾಗೆಯೇ ಮಾಡಿದೆ. ನೀನು ನನ್ನ ಕುತ್ತಿಗೆ ಹಿಡಿದಿರಲಿಲ್ಲ, ಮಾಡಿದವಳು ನಾನೇ. ಗದ್ದಲ ತಡೆಯದ ಹುಡುಗಿಯನ್ನು ಮಫ್ಲರಿಲ್ಲದೆ, ಊಟವಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಎರಡು ತಾಸು ನಿಲ್ಲಿಸಿ, ಎಳೆದುಕೊಂಡು ಮುಂದಿನ ಕ್ಯಾಂಪಿನ ಒಳಗೆ ಹೋದೆ. ಅವಳು ಮುಂಗೈ ಕಚ್ಚಿಕೊಂಡಳು, ಗೋಡೆಗೆ ತಲೆ ಚಚ್ಚಿಕೊಂಡಳು. ಹಾಗೆ ಒದರುತ್ತಲೇ ಕೈಮುಗಿದು "ಪ್ರೀತಿ, ಪ್ರೀತಿ" ಅನ್ನುತ್ತಿದ್ದಳು ಅಣ್ಣಾ. ಪಾಠ ತಪ್ಪಿದೆ, ಅದಕ್ಕೇ ಅವ್ವ ಹೀಗೆ ಮಾಡುತ್ತಿದ್ದಾಳೆ ಅಂದುಕೊಂಡಳೋ ಏನೋ. ಅವತ್ತು ಯಾರೂ ಅವಳ ಹೆಸರು ಕೇಳಲಿಲ್ಲ. ಎಪ್ಪತ್ತೈದು ಬರೆದು ಕೈಗಿಟ್ಟರು.

ಪತ್ರ ಟ್ರಂಕಿನಲ್ಲಿದೆ. ಪ್ರೀತಿ ಈಗ ಶೆಡ್ಡಿನ ಬಾಗಿಲು ದಾಟಿ ಒಳಗೆ ಬರುವುದಿಲ್ಲ. ಕುರ್ಚಿ ಕಂಡರೆ ಮುಂಗೈ ಬಾಯಿಗೆ ಹೋಗುತ್ತದೆ. ನಾನು ಹತ್ತಿರ ಹೋದರೆ ಗೋಡೆಗೆ ಆತುಕೊಳ್ಳುತ್ತಾಳೆ. ಅಖ್ತರ ಬೇಗಂ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ನಾ ಬಿ ಖಾಜಾಗ ಹಿಂಗೇ ಮಾಡೀನಿ ಬೇಟಿ. ಹನ್ನೊಂದು ವರ್ಷ ಆತು, ನನ್ನ ಕೈಲೆ ಒಂದು ತುತ್ತು ತಿಂದಿಲ್ಲ ಅಂವ. ನಿನ್ನ ಮಗಳಿಗರೆ ನೆಟ್ಟಗ ಕಲಿಸಿ ಕಳಸಬೇಕಂದಿದ್ದೆ" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ನಿನ್ನೆ ಭಾನುವಾರ ನಿನ್ನ ಇಲಾಖೆಗೆ ಅರ್ಜಿ ಬರೆದೆವು: "ನಿಮ್ಮ ಐದು ನಿಮಿಷದ ಪರೀಕ್ಷೆ ಬೇಡ. ಶೆಡ್ಡಿಗೆ ಬನ್ನಿ, ಇಡೀ ದಿನ ನಮ್ಮ ಮಕ್ಕಳೊಡನೆ ಕೂರಿ, ತಾಯಂದಿರನ್ನು ಕೇಳಿ, ಆಮೇಲೆ ಬರೆಯಿರಿ. ಮಕ್ಕಳನ್ನು ಹಿಂಸಿಸಿ ತಂದವರಿಗೆ ಮಾತ್ರ ಪತ್ರ ಸಿಗುವ ಈ ಹೇಸಿಗೆ ನಿಲ್ಲಿಸಿ." ಐವರು ಸಹಿ ಹಾಕಿದರು, ನಾಲ್ವರು ಹಾಕಲಿಲ್ಲ. ಇರುವ ಪತ್ರವೂ ಹೋದೀತೆಂಬ ಅಂಜಿಕೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಂಜಿಸಿ ಇಟ್ಟವರ ಮೇಲಿದೆ.

ವೈನಿಗೆ ಶರಣಾರ್ಥಿ ಹೇಳು. ನಿನ್ನ ಮಗಳು ಭಾಗ್ಯಶ್ರೀ ಫಸ್ಟ್ ಕ್ಲಾಸಿನಲ್ಲಿ ಪಾಸಾದಳಂತೆ, ಸಂತೋಷ. ಶಾಣ್ಯಾಕಿ ಆದದ್ದಕ್ಕೆ ಯಾರೂ ಅವಳಿಂದ ಏನನ್ನೂ ಕಸಿದುಕೊಳ್ಳದಿರಲಿ ಎಂದು ಈ ಅತ್ತೆಯ ಆಶೀರ್ವಾದ.

ನಿನ್ನ ತಂಗಿ,
ಶಿವಗಂಗಾ

ವಿ.ಸೂ.: ಲಕೋಟೆ ಅಂಟಿಸುವ ಮುನ್ನ ಇಷ್ಟು. ಅರ್ಜಿಯ ಜೊತೆ ನಾನೊಬ್ಬಳೇ ಇನ್ನೊಂದು ಹಾಳೆ ಇಟ್ಟಿದ್ದೇನೆ. ಎಪ್ಪತ್ತೈದು ಹೇಗೆ ಬಂತೆಂದು ಅದರಲ್ಲಿ ಪೂರ್ತಿ ಬರೆದಿದ್ದೇನೆ. ಮಾಡಿದವಳು ಎಂದು ನನ್ನ ಹೆಸರು, ಹೇಳಿಕೊಟ್ಟವನು ಎಂದು ನಿನ್ನ ಹೆಸರು, ಹುದ್ದೆ ಸಮೇತ. ಪ್ರೀತಿಯ ಪತ್ರ ರದ್ದಾಗಬಹುದು, ಗೊತ್ತಿದೆ. ಈಗಷ್ಟೇ ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಹಾಕಿ ಬಂದೆ. ಇದು ನಿನ್ನ ಕೈ ಸೇರುವ ಮೊದಲೇ ಅದು ನಿನ್ನ ಸಾಹೇಬರ ಮೇಜಿನ ಮೇಲಿರುತ್ತದೆ. ಕರೆದು ಕೇಳಿದಾಗ ಇಲ್ಲ ಅನ್ನಬೇಡ ಅಣ್ಣಾ. ನಾನು ಅನ್ನುವುದಿಲ್ಲ.