‘ಪರೀಕ್ಷಿಸಲಾಗಿದೆ’ ಎಂಬ ಮುದ್ರೆಯನ್ನು ವಾಪಸು ತೆಗೆದುಕೊಳ್ಳಿ

ರಕ್ತನಿಧಿಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾನು ನನ್ನ ಅಕ್ಕನಿಗೆ ಮಲೇರಿಯಾ ಕೊಟ್ಟಿದ್ದೇನೆ. ಇದರಲ್ಲಿ ಸೊಳ್ಳೆಯ ತಪ್ಪೇನೂ ಇಲ್ಲ. ನನ್ನ ತೋಳಿನಿಂದ ಚೀಲಕ್ಕೆ, ಚೀಲದಿಂದ ಅವಳ ತೋಳಿಗೆ ನೇರವಾಗಿ ಹೋಯಿತು. ಚೀಲದ ಮೇಲೆ ನಿಮ್ಮ ಇಲಾಖೆಯ ನೇರಳೆ ಮುದ್ರೆ ಇತ್ತು: ‘ಪರೀಕ್ಷಿಸಲಾಗಿದೆ, ಮಲೇರಿಯಾ ಇಲ್ಲ’.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಒಂದು ಕಡೆ ನಿಂತು ಅಭ್ಯಾಸವಿಲ್ಲ. ನಾಲ್ಕು ಕೆಲಸ ಬಿಟ್ಟು ಈಗ ನೀರಿನ ಪಂಪು ರಿಪೇರಿ ಮಾಡುತ್ತೇನೆ. ಅಕ್ಕನಿಗೆ ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು. ಆಸ್ಪತ್ರೆಯ ರಕ್ತನಿಧಿಯ ಫ್ರಿಜ್ಜಿನಲ್ಲಿ ಅವಳ ಗುಂಪಿನ ಚೀಲ ಇರಲಿಲ್ಲ, ನನ್ನದು ಅದೇ ಗುಂಪು. ‘ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ?’ ಎಂದು ಫಾರಂ ಕೇಳಿತು. ಬಂದಿತ್ತು. ‘ಹೌದು’ ಎಂದು ಬರೆದೆ.

ಲ್ಯಾಬಿನಾಕೆ ಹಣೆ ಚಚ್ಚಿಕೊಂಡರು. “ಏನಪ್ಪಾ, ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಬಂದಿದೀಯಾ? ಈ ಊರಲ್ಲಿ ಜ್ವರ ಬರದೇ ಇರೋರು ಯಾರಿದ್ದಾರೆ, ಕರ್ಕೊಂಡು ಬಾ, ಕೈ ಮುಗೀತೀನಿ. ನಿನ್ನ ಅಕ್ಕ ಒಳಗೆ ಬಿಳಿಚಿಕೊಂಡು ಮಲಗಿದಾಳೆ. ‘ಇಲ್ಲ’ ಅಂತ ಬರಿ.”

“ಪರೀಕ್ಷೆ ಮಾಡ್ತೀರಲ್ಲ ಮೇಡಂ?”

“ಎಲ್ಲಾ ಆಗುತ್ತೆ, ಬರಿ.”

ಹೊಸ ಫಾರಂನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಆ ಸಹಿ ನನ್ನದೇ. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಹನ್ನೆರಡನೇ ದಿನ ಅಕ್ಕನಿಗೆ ಚಳಿ ಹಿಡಿಯಿತು. ಚೀಲ ಪರೀಕ್ಷಿಸಿದ್ದಲ್ಲವೇ ಎಂದು ವೈದ್ಯರು ಎಂಟು ದಿನ ಹೊಲಿಗೆಯ ಸೋಂಕಿಗೆ ಔಷಧಿ ಕೊಟ್ಟರು. ಕೊನೆಗೆ ಹೊರಗಿನ ಲ್ಯಾಬಿನಲ್ಲಿ ನೋಡಿಸಿದಾಗ ಅವಳ, ನನ್ನ ಇಬ್ಬರ ರಕ್ತದಲ್ಲೂ ಅದೇ ಮಲೇರಿಯಾ. ಅಕ್ಕ ನಡುಗುತ್ತಲೇ ನಕ್ಕಳು: “ನಿನ್ನ ರಕ್ತ ಅಲ್ವೇನೋ, ಅದೂ ಒಂದು ಕಡೆ ಸುಮ್ಮನಿರಲ್ಲ. ದಿನ ಬಿಟ್ಟು ದಿನ ಕುಣಿಯುತ್ತೆ.” ನನಗೆ ನಗು ಬರಲಿಲ್ಲ. ಮಗು ನಮ್ಮ ಅಮ್ಮನ ಹತ್ತಿರ ಮನೆಯಲ್ಲಿದೆ.

ಜಗಳ ಮಾಡಲೆಂದೇ ಲ್ಯಾಬಿಗೆ ಹೋದೆ. ಆಕೆ ತಲೆ ಎತ್ತಲಿಲ್ಲ. “ಮಲೇರಿಯಾ ಟೆಸ್ಟ್ ಮಾಡೋ ಕಿಟ್ ಮುಗಿದು ನಾಲ್ಕು ತಿಂಗಳಾಯ್ತು ಕಣಪ್ಪ. ಮೇಲಿನವರಿಗೆ ಬರೆದು ಬರೆದು ಸಾಕಾಯ್ತು. ಮುದ್ರೆ ಇಲ್ದಿದ್ರೆ ಚೀಲ ಹೊರಗೆ ಬಿಡೋ ಹಾಗಿಲ್ಲ, ಬಿಡದಿದ್ರೆ ಜನ ಸಾಯ್ತಾರೆ. ನಾನೇನು ಮಾಡ್ಲಿ, ನೀನೇ ಹೇಳು.” ಹೊರಗೆ ಬಂದು ಈ ಪತ್ರ ಬರೆಯಲು ಕೂತೆ.

ಕಿಟ್ಟು ಮುಗಿದರೂ ಮುದ್ರೆಯ ಶಾಯಿ ಒಂದು ದಿನವೂ ಮುಗಿಯದಂತೆ ನೋಡಿಕೊಂಡ ನಿಮ್ಮ ದಕ್ಷತೆಗೆ ವಂದನೆಗಳು. ನಮ್ಮ ಅಂಗಡಿಯಲ್ಲಿ ಓಡಿಸಿ ನೋಡದ ಪಂಪಿಗೆ ‘ಸರಿಯಾಗಿದೆ’ ಎಂಬ ಚೀಟಿ ಕಟ್ಟಿದರೆ ಗಿರಾಕಿ ಕೊರಳಪಟ್ಟಿ ಹಿಡಿಯುತ್ತಾನೆ. ನಿಮ್ಮ ಕೊರಳಪಟ್ಟಿ ಯಾವ ಮಹಡಿಯಲ್ಲಿದೆ ಎಂಬುದೂ ನಮಗೆ ಗೊತ್ತಿಲ್ಲ.

ಜ್ವರ ಬಂದವರನ್ನೆಲ್ಲ ವಾಪಸು ಕಳಿಸಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಇಲ್ಲಿ ರಕ್ತವೇ ಸಿಗುವುದಿಲ್ಲ. ಕಿಟ್ ಕಳಿಸಿ. ಆಗದಿದ್ದರೆ ‘ಪರೀಕ್ಷಿಸಿಲ್ಲ’ ಎಂದು ಬರೆದ ಚೀಲವನ್ನೂ ಕೊಡಲು ಅನುಮತಿ ಕೊಡಿ. ಆಗ ವೈದ್ಯರು ಮೊದಲ ಚಳಿಗೇ ಮಲೇರಿಯಾ ಹುಡುಕುತ್ತಾರೆ. ಎಂಟು ದಿನ ಉಳಿಯುತ್ತದೆ.

ಬೇಗ ಹೇಳಿ. ಜ್ವರ ಅಕ್ಕನ ರಕ್ತವನ್ನೆಲ್ಲ ತಿಂದಿದೆ, ನಾಳೆ ಬೆಳಿಗ್ಗೆ ಇನ್ನೊಂದು ಚೀಲ ಬೇಕಂತೆ. ಭಾವನ ರಕ್ತ ಅವಳಿಗೆ ಹೊಂದುತ್ತದೆ. ಹೋದ ತಿಂಗಳು ಅವರಿಗೂ ಜ್ವರ ಬಂದಿತ್ತು. ಫಾರಂ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಾರೆ. “ಏನು ಬರೀಲೋ?” ಎಂದು ಎರಡು ಸಲ ಕೇಳಿದರು.

ಇಂತಿ,
ಹೆರಿಗೆ ವಾರ್ಡಿನ ಹನ್ನೊಂದನೇ ಹಾಸಿಗೆಯವಳ ಒಡಹುಟ್ಟಿದವನು