ಹಿತ್ತಲಲ್ಲಿ ಎರಡನೆಯ ಒಲೆ

೪ ಫೆಬ್ರವರಿ ೧೯೫೭

ಇವತ್ತೂ ಮೂರು ನೋಟೀಸು ಬರೆದೆ. ಒಂದು ಜಾಗಕ್ಕೆ ಒಂದೇ ಮನೆ, ಒಂದೇ ಒಲೆ ಎಂಬುದು ನಿಯಮ. ಹತ್ತಿಯ ಊರು, ಬೆಂಕಿಯ ಭಯ. ಪುರಸಭೆಯ ಗುಮಾಸ್ತನಾಗಿ ಒಂಬತ್ತು ವರ್ಷ ಇದನ್ನೇ ಬರೆದು ಕೈ ಸವೆಯಿತು.

ಮನೆಗೆ ಬಂದರೆ ತಂಗಿ ಗಾದಿಲಿಂಗಮ್ಮನದೂ ಅದೇ ರಾಗ. ಗಂಡ ಸತ್ತ ಮೇಲೆ ಆಸ್ಪರಿಯಿಂದ ಬಂದು ನಮ್ಮಲ್ಲೇ ಇದ್ದಾಳೆ. ಮಿಲ್ಲಿನಲ್ಲಿ ಹತ್ತಿ ಆರಿಸಿ ದುಡಿಯುತ್ತಾಳೆ. ಹಿತ್ತಲಲ್ಲಿ ಎರಡಂಕಣದ ಪುಟ್ಟ ಮನೆ ಬೇಕಂತೆ. ನಾವೇನು ಕಡಿಮೆ ಮಾಡಿದ್ದೇವೆ ಎಂದು ರೇಗಿದೆ.

"ಕಡಿಮಿ ಏನಿಲ್ಲಣ್ಣ. ಅತ್ತಿಗಿ ಮುಖ ನೋಡಿ ರೊಟ್ಟಿ ಬಡಿಯೋದು ಸಾಕಾಗೇತಿ. ನನ್ನ ಒಲಿ ನನಗ ಬೇಕು."

೬ ಫೆಬ್ರವರಿ

ಹೆಂಡತಿ ಸುಭದ್ರಮ್ಮನೂ ಅವಳ ಪಕ್ಷ. ಒಂದೇ ಒರೆಯಲ್ಲಿ ಎರಡು ಕತ್ತಿ ಎಷ್ಟು ದಿನ? ಅರ್ಜಿ ಬರೆದುಕೊಟ್ಟೆ. ತಿರಸ್ಕಾರವನ್ನೂ ನಾನೇ ಬರೆಯಬೇಕು... ನಾಚಿಕೆಗೇಡು.

೧ ಮಾರ್ಚ್, ಶುಕ್ರವಾರ

ಅನಾಹುತ. ಹಿತ್ತಲಲ್ಲಿ ಗೋಡೆಯಿಲ್ಲ, ಸೂರಿಲ್ಲ — ಬಯಲಲ್ಲಿ ಹೊಸ ಒಲೆ, ಸಗಣಿ ಸಾರಿಸಿ ಕುಂಕುಮ ಇಟ್ಟದ್ದು! ಊರಿನವರೆಲ್ಲ ಗೋಡೆ ಕಟ್ಟಿ ಒಲೆ ಬಚ್ಚಿಡುತ್ತಾರೆ. ನನ್ನ ತಂಗಿ ಒಲೆ ಹಾಕಿ ಗೋಡೆಗೆ ಕಾಯುತ್ತಿದ್ದಾಳೆ. ಒಳ್ಳೆಯ ದಿನ ಮೀರಬಾರದಂತೆ. ಓವರ್‌ಸೀಯರು ನೋಡಿ ಬರೆದುಕೊಂಡು ಹೋದರು. ನನ್ನ ನೌಕರಿ ಏನಾಗುವುದೋ.

೧೪ ಮಾರ್ಚ್, ಮಧ್ಯಾಹ್ನ

ಅಧ್ಯಕ್ಷರೂ ಮೆಂಬರ್ ವೆಂಕಟಪ್ಪನವರೂ ತನಿಖೆಗೆ ಬಂದರು. ವೆಂಕಟಪ್ಪನವರದು ಹತ್ತಿ ವ್ಯಾಪಾರ. ಗುಮಾಸ್ತನ ಮನೆಯಲ್ಲೇ ಎರಡನೆಯ ಒಲೆಯೇ ಎಂದು ಓಣಿಗೆ ಕೇಳುವಂತೆ ಕೂಗಾಡಿದರು. ನಾನು ತಲೆ ತಗ್ಗಿಸಿ ನಿಂತೆ. ಗಾದಿಲಿಂಗಮ್ಮ ಸೆರಗು ಸಿಕ್ಕಿಸಿ ಬಂದವಳೇ ಬಚ್ಚಲ ಪಕ್ಕದ ಹಂಡೆ ತೋರಿಸಿದಳು.

"ಎರಡನೇ ಒಲಿ ನಂದಲ್ರಿ. ಅದು, ಸ್ನಾನದ ನೀರು ಕಾಸೋದು. ನಂದು ಮೂರನೇದು. ನಿಮ್ಮ ಹಿತ್ತಲದಾಗ ನೀರೊಲಿ ಇಲ್ಲೇನ್ರಿ?"

ವೆಂಕಟಪ್ಪನವರು ಹಂಡೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಅಧ್ಯಕ್ಷರು ನಕ್ಕು ನಕ್ಕು ಕೆಮ್ಮಿ, ಹಾಗಾದರೆ ಊರಿಗೆಲ್ಲ ನೋಟೀಸು ಕೊಡಬೇಕಾದೀತು, ನಿಯಮವನ್ನೇ ಸಭೆಯಲ್ಲಿ ತಿದ್ದೋಣ ಎಂದರು. ಒಂಬತ್ತು ವರ್ಷ ಆ ಒಲೆಯ ನೀರನ್ನೇ ಮೈಮೇಲೆ ಹೊಯ್ದುಕೊಂಡು ಹೋಗಿ ನೋಟೀಸು ಬರೆದವನು ನಾನು. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

೯ ಏಪ್ರಿಲ್, ಸಂಜೆ ೬

ಸಭೆಯಲ್ಲಿ ಹೊಸ ನಿಯಮ ಪಾಸಾಯಿತು! ಹಿತ್ತಲಲ್ಲಿ ಎರಡಂಕಣದವರೆಗೆ ಸಣ್ಣ ಮನೆ ಕಟ್ಟಬಹುದು, ಒಲೆಯೂ ಹೂಡಬಹುದು. ಹುಲ್ಲಿನ ಸೂರು ಮಾತ್ರ ಕೂಡದು, ಮಣ್ಣಿನ ಮಾಳಿಗೆಯೇ ಆಗಬೇಕು. ವೆಂಕಟಪ್ಪನವರೂ ಕೈ ಎತ್ತಿದರು. ಠರಾವು ಓದಿದವನು ನಾನೇ. ಗೆದ್ದಳು ನನ್ನ ತಂಗಿ.

೧೨ ಏಪ್ರಿಲ್

ಮೇಜಿನ ಮೇಲೆ ಅರ್ಜಿಗಳ ರಾಶಿ. ಮೊದಲ ಲೈಸೆನ್ಸು ನಮ್ಮದೇ. 'ಯಜಮಾನರ ಹೆಸರು' ಎಂಬಲ್ಲಿ ಗಾದಿಲಿಂಗಮ್ಮ ಎಂದು ದಪ್ಪಕ್ಷರದಲ್ಲಿ ಬರೆದೆ. ಎಷ್ಟು ಖುಷಿಯಾಯಿತು!

೨ ಜೂನ್, ಮಧ್ಯಾಹ್ನ

ತಂಗಿಯ ಮನೆಗೆ ಮಾಳಿಗೆ ಹೊದಿಸಿ ಮುಗಿಯಿತು. ಬೆಳಗ್ಗೆ ಗಾದಿಲಿಂಗಮ್ಮ ಬೀದಿ ಬಾಗಿಲಿಂದ ಬಂದು, ಸುಭದ್ರಮ್ಮನಿಗೆ ಎಲೆ ಅಡಿಕೆ ಕೊಟ್ಟು, ಊಟಕ್ಕೆ ಕರೆದು ಹೋದಳು. ಹತ್ತು ಹೆಜ್ಜೆ ದೂರಕ್ಕೆ ಎಷ್ಟು ಬಿಗುಮಾನ! ಬನಿಯನ್ನಿನಲ್ಲೇ ಹಿತ್ತಲಿಗೆ ಇಳಿದೆ. ತಡೆದಳು.

"ಹಿಂಗ ಬರಬ್ಯಾಡಣ್ಣ. ಓಣಿ ಸುತ್ತಿ ಬಾ. ನನ್ನ ಮನಿಗೆ ಬಾಗಿಲು ಐತಿ."

ಇಸ್ತ್ರಿ ಅಂಗಿ ಹಾಕಿಕೊಂಡೆ. ತೆಂಗಿನಕಾಯಿ ತಂದೆ. ನನ್ನದೇ ಹಿತ್ತಲಿಗೆ ನಾನು ನೆಂಟ. ಹಿಗ್ಗು ತಡೆಯದೆ, ಹೊರಡುವ ಮೊದಲು ಬರೆಯಲು ಕೂತೆ. ರೊಟ್ಟಿ ಆರುತ್ತದೆ ಎಂದು ತಂಗಿ ಹಿತ್ತಲಿಂದ ಕೂಗುತ್ತಿದ್ದಾಳೆ. ಮಹಾರಾಯ್ತಿ, ಬಂದೆ, ಇದೊಂದು ಸಾಲು ಮುಗಿಸಿ—